ದೀಪ ದೊಡ್ಡದು ಮಾಡಿದ ಪ್ರಸಂಗ

ನಮ್ಮ ಡೊಂಬಿವಲಿಯ ಮನೆಯ ಹಜಾರದಲ್ಲಿ ಒಂದು ಸ್ವಿಚ್ಚಿದೆ. ಅದನ್ನು ಒತ್ತಿದರೆ ಏನೂ ಆಗುವುದಿಲ್ಲ. ಫ್ಯಾನು ತಿರುಗುವುದಿಲ್ಲ, ದೀಪ ಹತ್ತುವುದಿಲ್ಲ, ಬಾಗಿಲ ಗಂಟೆ ಬಡಿಯುವುದಿಲ್ಲ. ಏಳು ಸ್ವಿಚ್ಚುಗಳ ಸಾಲಿನಲ್ಲಿ ಐದನೆಯದಾಗಿ, ತಾನೂ ಈ ಸಂಸಾರದ ಭಾರ ಹೊತ್ತವನು ಎಂಬ ಮುಖ ಮಾಡಿಕೊಂಡು, ನಾವು ಈ ಫ್ಲ್ಯಾಟಿಗೆ ಬಂದ ದಿನದಿಂದ ಕೂತಿದೆ. ನಿಮ್ಮ ಮನೆಯಲ್ಲೂ ಇಂಥದೊಂದು ಇರಲೇಬೇಕು. ಇಲ್ಲ ಎನ್ನುವವರು ಇನ್ನೂ ಒತ್ತಿ ನೋಡಿಲ್ಲ, ಅಷ್ಟೇ.

ನನಗೆ ಇದು ಮಾನದ ಪ್ರಶ್ನೆ. ಏಕೆಂದರೆ ನಾನು ಠಾಣೆಯ ವಾಗ್ಳೆ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ವಿದ್ಯುತ್ ಪ್ಯಾನೆಲುಗಳನ್ನು ಮಾಡಿದವನು. ಆಳೆತ್ತರದ, ಹತ್ತಾಳು ಸೇರಿ ಲಾರಿಗೆ ಏರಿಸಬೇಕಾದ ಪ್ಯಾನೆಲುಗಳು. ಅವುಗಳ ಹೊಟ್ಟೆಯೊಳಗಿನ ಸಾವಿರ ತಂತಿಗಳಲ್ಲಿ ಯಾವುದು ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದೆ. ಈ ಒಂದು ಸ್ವಿಚ್ಚಿನ ತಂತಿ ಎಲ್ಲಿಗೆ ಹೋಗುತ್ತದೆ ಎಂದು ಮಾತ್ರ ಕಣ್ಣು ಬಿಟ್ಟುಕೊಂಡೂ ಪತ್ತೆಯಾಗಿಲ್ಲ.

"ಅದಕ್ಕೆಂತ ಪತ್ತೆ ಮಾಡುವುದು ಮಾರಾಯ್ರೆ," ಎನ್ನುತ್ತಾಳೆ ನನ್ನ ಹೆಂಡತಿ ವನಜ. "ಅದು ನಿಮ್ಮ ಹಾಗೆ ರಿಟೈರಾಗಿದೆ. ಕೂತಿರಲಿ ಬಿಡಿ."

ಆದರೂ ಪ್ರತಿದಿನ ಮುಸ್ಸಂಜೆ ನಾನು ಮೊದಲು ಒತ್ತುವುದು ಅದನ್ನೇ. ಏನೂ ಆಗುವುದಿಲ್ಲ. ಆಮೇಲೆ ಪಕ್ಕದ್ದನ್ನು ಒತ್ತುತ್ತೇನೆ, ಟ್ಯೂಬ್‌ಲೈಟು ಹತ್ತುತ್ತದೆ, ಕೈ ಮುಗಿಯುತ್ತೇನೆ. ಟ್ಯೂಬ್‌ಲೈಟಿಗೆ ಕೈ ಮುಗಿಯುವುದನ್ನು ಕಂಡು ನಗುವವರು ನಗಲಿ. ಇದು ನನಗೆ ನಮ್ಮ ತಾಯಿಯಿಂದ ಬಂದ ಏಕೈಕ ಸ್ಥಿರಾಸ್ತಿ.

ನನ್ನ ಬಾಲ್ಯ ಕಳೆದದ್ದು ಠಾಣೆಯ ನೌಪಾಡಾದ ಒಂದು ಚಾಳಿನಲ್ಲಿ, ಅಂದರೆ ಸಾಲು ಕೋಣೆಗಳ ವಠಾರದಲ್ಲಿ. ಕುಂದಾಪುರದ ಕಡೆಯಿಂದ ಬಂದ ನಮ್ಮಪ್ಪ ಕಾರ್ಖಾನೆಯೊಂದರ ಕ್ಯಾಂಟೀನು ನೋಡಿಕೊಳ್ಳುತ್ತಿದ್ದರು. ಎರಡು ಕೋಣೆ, ಒಂದು ಬಲ್ಬು, ಗೋಡೆಯ ಮೇಲೆ ಕರೀ ಜಾಮೂನಿನಂಥ ಒಂದು ದುಂಡನೆಯ ಸ್ವಿಚ್ಚು. ಅದನ್ನು ಕೆಳಗೆ ತಳ್ಳಿದರೆ ಚಾಳಿನ ಆ ತುದಿಗೆ ಕೇಳುವ ಹಾಗೆ 'ಟಪ್' ಎನ್ನುತ್ತಿತ್ತು. ಸಂಜೆ ಆ ಸದ್ದಾದ ಕೂಡಲೇ ಅಮ್ಮ ಎಲ್ಲಿದ್ದರೂ ಕೈ ಮುಗಿಯುತ್ತಿದ್ದಳು. ಕೈಯಲ್ಲಿ ಸೌಟಿದ್ದರೆ ಸೌಟನ್ನೂ ಸೇರಿಸಿ.

ಹತ್ತಿಸುವುದು ಸುಲಭ. ಕಷ್ಟವಿದ್ದದ್ದು ಆರಿಸುವುದರಲ್ಲಿ. ನಮ್ಮ ಮನೆಯಲ್ಲಿ 'ದೀಪ ಆರಿಸು' ಎನ್ನುವ ಮಾತೇ ಇರಲಿಲ್ಲ. 'ನಂದಿಸು' ಎಂದರೆ ಅಮ್ಮ ಬಾಯಿ ಮೇಲೆ ಹೊಡೆಯುತ್ತಿದ್ದಳು. ಆರಿಸಬೇಕಾದಾಗ ಹೇಳಬೇಕಾದ ಮಾತು, 'ದೀಪ ದೊಡ್ಡದು ಮಾಡು.' ಅದೇ ರೀತಿ ಡಬ್ಬದಲ್ಲಿ ಅಕ್ಕಿ ಮುಗಿದರೆ 'ಅಕ್ಕಿ ತುಂಬಿದೆ.' ಬಳೆ ಒಡೆದರೆ 'ಬಳೆ ಹೆಚ್ಚಿತು.' ಯಾರಾದರೂ ಹೊರಟರೆ 'ಬರ್ತೇನೆ.' ಹೀಗೆ ನಮ್ಮ ಮನೆಯಲ್ಲಿ ಮಾತು ಮುಂಬಾಗಿಲಿನಿಂದ ಬರುತ್ತಿತ್ತು, ಅರ್ಥ ಹಿಂಬಾಗಿಲಿನಿಂದ. ಎರಡೂ ಅಡುಗೆಮನೆಯಲ್ಲಿ ಭೇಟಿಯಾಗುತ್ತಿದ್ದವು. ಒಳಗಿನವರಾದ ನಮಗೆ ಗೊಂದಲವಿರಲಿಲ್ಲ.

ಹೊರಗಿನಿಂದ ಬಂದವರ ಗತಿ ಬೇರೆ. ನಮ್ಮ ಅಣ್ಣನಿಗೆ ಬೆಂಗಳೂರಿನಿಂದ ಹೆಣ್ಣು ತಂದಿದ್ದರು. ಅತ್ತಿಗೆ ಬಂದ ಮೂರನೆಯ ದಿನ ಕರೆಂಟು ಹೋಗಿ, ಲಾಟೀನು ಉರಿಯುತ್ತಿತ್ತು. ಬೆಳಗಾಯಿತು, ಕಿಟಕಿಯಿಂದ ಬಿಸಿಲು ಒಳಗೆ ಬಂತು. ಅಮ್ಮ ಒಳಗಿನಿಂದಲೇ, "ಬೆಳಕಾಯ್ತಲ್ಲ ಮಗಾ, ದೀಪ ದೊಡ್ಡದು ಮಾಡು," ಎಂದಳು. ಬೆಳಕಾದ ಮೇಲೆ ದೀಪ ದೊಡ್ಡದು ಮಾಡುವುದು ಈ ಮನೆಯ ಪದ್ಧತಿಯಿರಬೇಕೆಂದು ಅತ್ತಿಗೆ ಬತ್ತಿ ಏರಿಸಿದರು. "ಇನ್ನೂ ದೊಡ್ಡದು ಮಾಡಿಲ್ವಾ?" ಎಂದಳು ಅಮ್ಮ. ಅತ್ತಿಗೆ ಇನ್ನೂ ಏರಿಸಿದರು. ಗಾಜು ಕಪ್ಪಾಯಿತು, ಮನೆಯೆಲ್ಲ ಹೊಗೆಯಾಯಿತು, ಕೊನೆಗೆ ಗಾಜು ಚಿಟಿಲ್ಲೆಂದು, ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಹೆಚ್ಚಿತು.

ಈ ಕಥೆಯನ್ನು ನಾನು ನಲವತ್ತು ವರ್ಷ ಮದುವೆ, ಮುಂಜಿ, ಸೀಮಂತಗಳಲ್ಲಿ ಹೇಳಿ ಜನರನ್ನು ನಗಿಸಿದ್ದೇನೆ. ಇದನ್ನು ಇಲ್ಲಿ ಒತ್ತಿ ಹೇಳುವುದಕ್ಕೆ ಕಾರಣವಿದೆ. ಮುಂದೆ ನೀವು ನನ್ನನ್ನು ಮೂರ್ಖ ಎಂದು ಕರೆಯುವಾಗ, ತಿಳಿಯದೆ ಮಾಡಿದ ಮೂರ್ಖ ಎಂದು ರಿಯಾಯಿತಿ ಕೊಡಬಾರದು.

ಚಾಳಿನ ಪಕ್ಕದ ಮನೆಯಲ್ಲಿ ಮರಾಠಿಯವರಾದ ಸಾಠೆ ಕಾಕು ಇದ್ದರು. ಒಂದು ದಿನ ನಲ್ಲಿಯ ಹತ್ತಿರ ಅವರ ಬಳೆ ಒಡೆಯಿತು. ಕಾಕು, "ಅಗೋ ಬಾಯಿ, ಬಾಂಗಡೀ ವಾಢಲೀ!" ಎಂದರು. ವಾಢಲೀ ಎಂದರೆ ಬೆಳೆಯಿತು, ಹೆಚ್ಚಿತು. ಗಣಪತಿ ಹಬ್ಬಕ್ಕೂ ಅವರು ತೆಂಗಿನಕಾಯಿ ಒಡೆಯುತ್ತಿರಲಿಲ್ಲ, ವಾಢವುತ್ತಿದ್ದರು. ಅಮ್ಮನಿಗೆ ಬಹಳ ಸಂತೋಷವಾಯಿತು. "ನೋಡು, ಇವರೂ ನಮ್ಮ ಹಾಗೇ. ಕೆಟ್ಟ ಮಾತು ಬಾಯಲ್ಲಿ ಬರುವುದಿಲ್ಲ," ಎಂದಳು. ಒಂಬತ್ತು ವರ್ಷದ ನಾನು ಅಲ್ಲೇ ನಿಂತಿದ್ದು ಒಂದು ಸಿದ್ಧಾಂತ ಸ್ಥಾಪಿಸಿದೆ: ಕನ್ನಡದಲ್ಲಿ ಏನೇನು ಒಡೆದರೆ ಹೆಚ್ಚುತ್ತದೋ, ಆರಿದರೆ ದೊಡ್ಡದಾಗುತ್ತದೋ, ಮರಾಠಿಯಲ್ಲೂ ಅದೆಲ್ಲ 'ವಾಢ'ಲೇಬೇಕು.

ಆರು ದಶಕಗಳ ನಂತರ ಈ ಸಿದ್ಧಾಂತ ಒಂದು ಇಡೀ ಊರನ್ನು ಕತ್ತಲಲ್ಲಿ ಮುಳುಗಿಸಿತು.

ಆ ಊರಿನ ಹೆಸರು ಕರವಂದವಾಡಿ. ನಮ್ಮ ಕಡೆ ಉಪ್ಪಿನಕಾಯಿ ಹಾಕುವ ಕರಂಡೆ ಕಾಯಿಗೆ ಮರಾಠಿಯಲ್ಲಿ ಕರವಂದ ಎನ್ನುತ್ತಾರೆ. ಅದರ ಪೊದೆಗಳ ನಡುವೆ ಇಪ್ಪತ್ತೆರಡು ಮನೆ. ಡೊಂಬಿವಲಿಯಿಂದ ಲೋಕಲ್‌ನಲ್ಲಿ ಕಲ್ಯಾಣ, ಅಲ್ಲಿಂದ ಎಸ್‌ಟಿ ಬಸ್ಸಿನಲ್ಲಿ ಮುರಬಾಡ, ಅಲ್ಲಿಂದ ಮಂಡಿಗೆ ಮಂಡಿ ತಾಗುವ ಜೀಪು, ಕೊನೆಗೆ ಮುಕ್ಕಾಲು ಗಂಟೆ ಗುಡ್ಡ ಹತ್ತುವುದು. ಇದೂ ಠಾಣೆ ಜಿಲ್ಲೆಯೇ. ನಾವು ಮಾಲ್‌ನಲ್ಲಿ ಚಲಿಸುವ ಮೆಟ್ಟಿಲ ಮೇಲೆ ನಿಂತು ಮೇಲೇರುವ ಅದೇ ಜಿಲ್ಲೆ. ಕರೆಂಟಿನ ಕಂಬಗಳು ಗುಡ್ಡದ ಬುಡದವರೆಗೆ ಬಂದು, ಮುಂದೆ ಕಾಡು ಎಂದು ಸುಸ್ತಾಗಿ ನಿಂತಿದ್ದವು.

ನಮ್ಮ ಡೊಂಬಿವಲಿಯ ಕನ್ನಡ ಹಿರಿಯರ ಬಳಗ ಒಮ್ಮೆ ಆ ಕಡೆ ವಿಹಾರಕ್ಕೆ ಹೋಗಿ, ಆ ಊರು ನೋಡಿ, ಚಕ್ಕುಲಿ ತಿನ್ನುವುದನ್ನು ನಿಲ್ಲಿಸಿತು. ಇದು ಬಳಗದ ಇತಿಹಾಸದಲ್ಲೇ ಅಪೂರ್ವ. ಏನಾದರೂ ಮಾಡಬೇಕು ಎಂದಾಯಿತು. ಕಂಬ ಗುಡ್ಡ ಹತ್ತದಿದ್ದರೆ ಗುಡ್ಡದ ಮೇಲೆಯೇ ಕರೆಂಟು ಹುಟ್ಟಲಿ ಎಂದು ತೀರ್ಮಾನಿಸಿದರು. ಇಳಿಜಾರಿನಲ್ಲಿ ಸೋಲಾರ್ ಹಲಗೆಗಳು, ಒಂದು ಪುಟ್ಟ ಕೋಣೆಯಲ್ಲಿ ಬ್ಯಾಟರಿಗಳು, ಅಲ್ಲಿಂದ ಇಪ್ಪತ್ತೆರಡು ಮನೆಗೂ ಒಂದು ಶಾಲೆಗೂ ನಾಲ್ಕು ಬೀದಿದೀಪಕ್ಕೂ ಒಂದು ಹಿಟ್ಟಿನ ಗಿರಣಿಗೂ ತಂತಿ. ಊರಿಗೆ ಊರೇ ಒಂದು ಗ್ರಿಡ್ಡು. ದೊಡ್ಡ ಗ್ರಿಡ್ಡು ಸಮುದ್ರವಾದರೆ ಇದು ಊರ ಬಾವಿ. ಎಷ್ಟು ಬಿಸಿಲು ಬಿತ್ತೋ ಅಷ್ಟೇ ನೀರು. ಒಬ್ಬ ಜಾಸ್ತಿ ಸೇದಿದರೆ ಇನ್ನೊಬ್ಬನ ಕೊಡಪಾನ ಖಾಲಿ.

ಹಲಗೆ, ಬ್ಯಾಟರಿಗಳನ್ನು ಕೂರಿಸಲು ಬೇರೆ ತಜ್ಞರಿದ್ದರು. ನನ್ನನ್ನು 'ತಾಂತ್ರಿಕ ಸಲಹೆಗಾರರು' ಎಂದು ನೇಮಿಸಿದ್ದರು. ಅಂದರೆ ಯಾರೂ ಕೇಳದ ಸಲಹೆಗಳನ್ನು ಕೊಡುವವನು. ಬಳಗದ ಕಾರ್ಯದರ್ಶಿ ದೇಶಪಾಂಡೆಯವರು, ಧಾರವಾಡದವರು, ಕೊನೆಗೆ ಕನಿಕರದಿಂದ ಒಂದು ಕೆಲಸ ಕೊಟ್ಟರು. "ರಾಯರ, ಕೋಣಿಯೊಳಗ ಒಂದು ಬೋರ್ಡ್ ಬೇಕ್ರೀ. ಏನು ಮಾಡಬೇಕು, ಏನು ಮಾಡಬಾರದು ಅಂತ. ಮರಾಠಿಯೊಳಗ. ನೀವು ಇಲ್ಲೇ ಹುಟ್ಟಿ ಬೆಳದವರು, ನೀವ ಬರದುಬಿಡ್ರಿ."

ಕೋಣೆಯ ಕೀಲಿ ಯಾರ ಹತ್ತಿರ ಇರಬೇಕು ಎಂದು ಊರಿನ ಹೆಂಗಸರ ಗುಂಪು ಆಗಲೇ ಆರಿಸಿತ್ತು. ಆಕೆಯ ಹೆಸರು ಹಿರಾಬಾಯಿ. ನಲವತ್ತರ ಸುಮಾರು. ಹತ್ತು ಪಾಯಲಿ ನಾಚಣಿ, ಅಂದರೆ ರಾಗಿ, ತಲೆಯ ಮೇಲೆ ಹೊತ್ತು ಗುಡ್ಡ ಇಳಿದು ಹಿಟ್ಟು ಮಾಡಿಸಿಕೊಂಡು ಮತ್ತೆ ಹತ್ತುತ್ತಿದ್ದ ಹೆಂಗಸು. ಎರಡು ವರ್ಷದ ಹಿಂದೆ ಹೆಂಗಸರ ಸಂಜೆ ಕ್ಲಾಸಿನಲ್ಲಿ ಅಕ್ಷರ ಕಲಿತಿದ್ದರು. ಅಕ್ಷರಗಳ ಮೇಲೆ ತೋರುಬೆರಳನ್ನು ಇಟ್ಟು, ಇರುವೆಯ ಸಾಲನ್ನು ದಾಟಿಸುವವರ ಹಾಗೆ ನಿಧಾನವಾಗಿ ಓದುತ್ತಿದ್ದರು. ಕೀಲಿಯನ್ನು ಕರಿದಾರಕ್ಕೆ ಪೋಣಿಸಿ ಮಂಗಳಸೂತ್ರದ ಪಕ್ಕ ಕತ್ತಿಗೆ ಕಟ್ಟಿಕೊಂಡಿದ್ದರು.

ನಾನು ಆಕೆಗೆ ತರಬೇತಿ ಕೊಟ್ಟೆ. ಇಲ್ಲಿ ಒಂದು ತೊಂದರೆ ಇದೆ, ನೀವೂ ಗಮನಿಸಿರಬಹುದು. ನಮ್ಮ ದೇಶದಲ್ಲಿ ಗೋಡೆಯ ಸ್ವಿಚ್ಚು ತಲೆ ತಗ್ಗಿಸಿದರೆ ದೀಪ ಹತ್ತುತ್ತದೆ. ಆದರೆ ಪ್ಯಾನೆಲಿನೊಳಗಿನ ಎಂಸಿಬಿ ಎಂಬ ಸ್ವಿಚ್ಚು ತಲೆ ಎತ್ತಿದರೆ ಹತ್ತುತ್ತದೆ. ಹಿರಾಬಾಯಿ ಎರಡನ್ನೂ ಮೇಲೆ ಕೆಳಗೆ ಮಾಡಿ ನೋಡಿ ಕೇಳಿದರು:

"ಕಾಕಾ, ಮನೆಯಲ್ಲಿ ಕೆಳಗೆ ಅಂದರೆ ಚಾಲೂ. ಇಲ್ಲಿ ಮೇಲೆ ಅಂದರೆ ಚಾಲೂ. ನೀವು ಶಹರದವರು ಮೊದಲು ಕೂತು ಒಂದು ಮಾತು ಮಾಡಿಕೊಳ್ಳಬಾರದಾ?"

ಮೂವತ್ತನಾಲ್ಕು ವರ್ಷದಲ್ಲಿ ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ. "ಅದು ಹಾಗೇ," ಎಂದೆ. ತಾಂತ್ರಿಕ ಸಲಹೆ ಎಂದರೆ ಇದೇ.

ಉದ್ಘಾಟನೆಯ ಹಿಂದಿನ ದಿನ ಬಿಳಿ ತಗಡಿನ ಮೇಲೆ ನೀಲಿ ಬಣ್ಣದಲ್ಲಿ, ಶಿಲಾಶಾಸನ ಕೆತ್ತುವವನ ಗತ್ತಿನಿಂದ, ಬೋರ್ಡು ಬರೆದೆ. ಬಿಸಿಲು ಏರಿದ ಮೇಲೆ ಗಿರಣಿ ಚಾಲೂ ಮಾಡಿ ಎಂದು ಮೊದಲ ಸಾಲು. ಹಸಿರು ದೀಪ ಇದ್ದರೆ ಚಿಂತೆಯಿಲ್ಲ ಎಂದು ಎರಡನೆಯದು. ಮೂರನೆಯದೇ ಮುಖ್ಯ. ಬ್ಯಾಟರಿ ತಳ ಕಾಣುವ ಹೊತ್ತಿಗೆ ಪ್ಯಾನೆಲಿನಲ್ಲಿ ಕೆಂಪು ದೀಪ ಬರುತ್ತದೆ. ಆಗ ಗಿರಣಿ, ಬೀದಿದೀಪ ಆರಿಸಿ, ಮನೆಗೆ ಒಂದೇ ದೀಪ ಉಳಿಸಿಕೊಂಡರೆ ಊರು ರಾತ್ರಿ ದಾಟುತ್ತದೆ. ಇಲ್ಲದಿದ್ದರೆ ಯಂತ್ರ ಮುನಿಸಿಕೊಂಡು ತಾನೇ ಎಲ್ಲವನ್ನೂ ನಿಲ್ಲಿಸಿಬಿಡುತ್ತದೆ. 'ಲಾಲ ದಿವಾ ಲಾಗಲಾ ಕೀ ಲಾಯಿಟ್...' ಎಂದು ಬರೆದೆ. ಮುಂದಿನ ಮಾತು 'ಬಂದ ಕರಾ', ಅಂದರೆ ಬಂದ್ ಮಾಡಿ.

ಕುಂಚ ನಿಂತುಬಿಟ್ಟಿತು. ಹೊಸ ಬ್ಯಾಟರಿಗಳು ಅರಿಸಿನ ಕುಂಕುಮ ಹಚ್ಚಿಕೊಂಡು ಮದುಮಕ್ಕಳಂತೆ ಸಾಲಾಗಿ ಕೂತಿವೆ. ನಾಳೆ ಊರಿನ ಮೊದಲ ದೀಪ. ಅದರ ಮುಂದೆ 'ಬಂದ್' ಎಂದು ಬರೆಯುವುದೇ? ಹಿಂದೆಯೇ ಅಮ್ಮ ಸೌಟು ಹಿಡಿದು ನಿಂತಂತಾಯಿತು. ಆಗ ನಲ್ಲಿಯ ಹತ್ತಿರದ ಸಾಠೆ ಕಾಕು ನೆನಪಾದರು. ಸಮಾಧಾನವಾಯಿತು. ದುಂಡಗೆ ಬರೆದೆ: 'ವಾಢವಾ.'

ನಿಮಗೆ ಆಗಲೇ ತಿಳಿದಿದೆ. ಮರಾಠಿ ಓದುವ ಯಾರಿಗಾದರೂ ಅದರ ಅರ್ಥ ಒಂದೇ: ಕೆಂಪು ದೀಪ ಬಂದ ಕೂಡಲೇ ಲೈಟು ಹೆಚ್ಚಿಸಿ. ನನಗೆ ತಿಳಿಯಲು ತಿಂಗಳುಗಳೇ ಬೇಕಾದವು.

ಮಾರನೆಯ ದಿನ ಕಾಯಿ ವಾಢವಿ, ದೀಪ ಹತ್ತಿಸಿದರು. ದೇಶಪಾಂಡೆಯವರು ಬೋರ್ಡಿನ ಮುಂದೆ ನಿಂತು ಹನ್ನೊಂದು ಫೋಟೋ ತೆಗೆಸಿಕೊಂಡರು. ದೇಶಪಾಂಡೆಯವರ ಮರಾಠಿ ನನ್ನದಕ್ಕಿಂತ ಎಷ್ಟೋ ಒಳ್ಳೆಯದು. ಆದರೆ ಬೋರ್ಡಿನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವವರು ಬೋರ್ಡು ಓದುವುದಿಲ್ಲ. ಅವರ ಬೆನ್ನು ಅದರ ಕಡೆಗಿರುತ್ತದೆ. ಊರಿನಲ್ಲಿ ಓದಬಲ್ಲ ಗಂಡಸರು ಕೆಲಸಕ್ಕೆ ಕಲ್ಯಾಣದ ಕಡೆ ಹೋಗಿರುತ್ತಿದ್ದರು. ಕೋಣೆಗೆ ಬೀಗ. ಹೀಗಾಗಿ ಆ ಶಾಸನಕ್ಕೆ ಇಡೀ ಜಗತ್ತಿನಲ್ಲಿ ಇದ್ದ ಓದುಗರು ಇಬ್ಬರೇ, ಬರೆದ ನಾನು ಮತ್ತು ಹಿರಾಬಾಯಿ. ಎಷ್ಟೋ ಲೇಖಕರಿಗೆ ಇಷ್ಟೂ ಇರುವುದಿಲ್ಲವೆಂದು ಕೇಳಿದ್ದೇನೆ.

ಬೇಸಿಗೆಯೆಲ್ಲ ಹಸಿರು ದೀಪ. ಜೂನ್‌ನಲ್ಲಿ ಮೋಡ ಕವಿಯಿತು. ಒಂದು ಬೆಳಿಗ್ಗೆ ಫೋನು ಬಂತು. ಹಿರಾಬಾಯಿ ಆಡಿದ ಮರಾಠಿಯನ್ನು ಕನ್ನಡ ಮಾಡಿ ಹೇಳುತ್ತೇನೆ. ಆ ಒಂದು ಮಾತನ್ನು ಮಾತ್ರ ಹಾಗೇ ಬಿಡುತ್ತೇನೆ.

"ಕಾಕಾ, ನಿನ್ನೆ ಸಂಜೆ ಲಾಲ್ ದಿವಾ ಬಂತು. ಆಮೇಲೆ ಊರೆಲ್ಲಾ ಹೋಯಿತು."

"ಬೋರ್ಡಿನಲ್ಲಿ ಇದ್ದ ಹಾಗೆ ಮಾಡಿದಿರಾ?"

"ಅಕ್ಷರ ಅಕ್ಷರ."

"ವಾಢವಲೀತ?"

"ವಾಢವಲೀ, ಕಾಕಾ. ಮನೆಮನೆಗೆ ಓಡಿದೆ. ಎಲ್ಲರೂ ವಾಢವಲೀ. ಗಿರಣಿಯದ್ದೂ."

"ಶಾಬಾಸ್," ಎಂದೆ.

ಶಾಬಾಸ್ ಎಂದದ್ದನ್ನು ಈಗ ನೆನೆದರೂ ಕಿವಿ ಬಿಸಿಯಾಗುತ್ತದೆ. ಊರಿನ ಎಲ್ಲ ದೀಪ ಉರಿಸಿ, ಕಾಳಿಲ್ಲದೆ ಬರಿದೇ ತಿರುಗುವ ಗಿರಣಿಯನ್ನೂ ಸೇರಿಸಿ, ಸಾಯುವ ಬ್ಯಾಟರಿಯ ಎದೆಯ ಮೇಲೆ ಎಲ್ಲರನ್ನೂ ಕೂರಿಸಿದ್ದಕ್ಕೆ ಶಾಬಾಸ್.

ವಾರದಲ್ಲಿ ಎರಡು ಮೂರು ಸಲ ಹೀಗಾಗತೊಡಗಿತು. ನಾನು ಗುಡ್ಡ ಹತ್ತಿದೆ. ಸೋಲಾರ್ ಹಲಗೆ ಒರೆಸಿದೆ. ಇನ್ನೊಮ್ಮೆ ಹತ್ತಿ, ಬ್ಯಾಟರಿಗಳ ನಾಡಿ ಹಿಡಿದು ನೋಡಿದೆ. ಮತ್ತೊಮ್ಮೆ ಹತ್ತಿ, ಕೇಬಲ್ಲು ಬದಲಿಸಿದೆ. ಎಲ್ಲವೂ ಸರಿಯಾಗಿತ್ತು. ಪ್ರತಿಸಲವೂ ಬೋರ್ಡಿನ ಮುಂದೆ ನಿಂತು ಮೂರೂ ಸಾಲು ಗಟ್ಟಿಯಾಗಿ ಓದಿದೆ. ಅದೂ ಸರಿಯಾಗಿತ್ತು. ಓದುತ್ತಿದ್ದದ್ದು ಮರಾಠಿ, ನಿಜ. ಆದರೆ ಕನ್ನಡಕದೊಳಗೆ ಕನ್ನಡವೇ ಕೂತಿತ್ತಲ್ಲ! ಎಲ್ಲವೂ ಸರಿಯಿದ್ದು ಊರು ಮಾತ್ರ ಕತ್ತಲಲ್ಲಿರುವುದು ಹೇಗೆ ಎಂದು ತಲೆ ಕೆಟ್ಟುಹೋಯಿತು. ರೈಲಿನಲ್ಲಿ ಕಲ್ಯಾಣದಿಂದ ಹತ್ತಿದವನು ಡೊಂಬಿವಲಿಯಲ್ಲಿ ಇಳಿಯುವುದನ್ನು ಮರೆತು ಠಾಣೆಗೆ ಹೋಗಿ ಬಂದೆ.

ಬಳಗದ ಸಭೆಯಲ್ಲಿ ದೇಶಪಾಂಡೆಯವರು ತೀರ್ಪು ಕೊಟ್ಟರು. "ಯಂತ್ರ ಸರಿ ಐತಿ, ಬೋರ್ಡ್ ಸರಿ ಐತಿ. ಹಂಗಾದ್ರ ಉಳದದ್ದು ಯಾರು? ಆಕೀಗೆ ಓದ್ಲಿಕ್ಕೆ ಬರೂದಿಲ್ರೀ ರಾಯರ. ಮ್ಯಾಲಿಂದು ಕೆಳಗ, ಕೆಳಗಿಂದು ಮ್ಯಾಲ ಮಾಡ್ತಿರಬೇಕು. ಕೀಲಿ ಆ ಉಪಸರಪಂಚನ ತಮ್ಮಗ ಕೊಡೂಣು. ಹತ್ತನೇತ್ತಾ ಪಾಸಾಗ್ಯಾನ."

ಎಲ್ಲರೂ ನನ್ನ ಮುಖ ನೋಡಿದರು. ತಾಂತ್ರಿಕ ಸಲಹೆಗಾರನ ಅಭಿಪ್ರಾಯವನ್ನು ಯಾರಾದರೂ ಕೇಳಿದ್ದು ಅದೇ ಮೊದಲು. ಮೇಲೆ ಕೆಳಗಿನ ಆ ಪ್ರಶ್ನೆ ನೆನಪಾಯಿತು. "ಇರಬಹುದು," ಎಂದೆ.

ಒಂದೇ ಮಾತು. ಅದೂ ಪೂರ್ತಿ ಮಾತಲ್ಲ, ಅರ್ಧ ಮಾತು. ಆದರೆ ಅದು ನನಗಿಂತ ಬೇಗ ಗುಡ್ಡ ಹತ್ತಿತು. ಮೂರನೆಯ ದಿನ ಹಿರಾಬಾಯಿಯ ಫೋನು.

"ಕಾಕಾ, ಭಾನುವಾರ ಸಭೆಯಂತೆ. ಕೀಲಿ ಕೊಡು ಅಂದರೆ ಕೊಡುತ್ತೇನೆ. ಗಿರಣಿ ಯಾರು ತಿರುಗಿಸಿದರೂ ಹಿಟ್ಟು ಹಿಟ್ಟೇ. ಆದರೆ ನನಗೆ ಓದಲು ಬರುವುದಿಲ್ಲ ಎಂದು ಯಾರೂ ಹೇಳಬಾರದು. ಅದು ಖೋಟಂ."

ಖೋಟಂ ಎಂದರೆ ಸುಳ್ಳು. ನಾನು ಏನು ಹೇಳಿದೆನೋ ನೆನಪಿಲ್ಲ. 'ನೋಡುವ' ಎಂದಿರಬೇಕು. ಏನೂ ನೋಡಲು ಇಚ್ಛೆಯಿಲ್ಲದಾಗ ನಾವು ಹೇಳುವ ಮಾತು ಅದು.

ಆ ಶನಿವಾರ ನಾವು ಘಣಸೋಲಿಯಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಮೊಮ್ಮಗಳು ಅನ್ವಿ ಹನ್ನೆರಡನೇ ಕ್ಲಾಸಿನಲ್ಲಿದ್ದಾಳೆ. ನಾವು ಆಡುವ ಕನ್ನಡ ಅವಳಿಗೆ ಪೂರಾ ಅರ್ಥವಾಗುತ್ತದೆ. ಉತ್ತರ ಮಾತ್ರ ಮರಾಠಿಯಲ್ಲೋ ಹಿಂದಿಯಲ್ಲೋ ಬರುತ್ತದೆ. ಬೇರೆ ಬೇರೆ ಹಳಿಗಳ ಮೇಲೆ ಪಕ್ಕಪಕ್ಕ ಓಡುವ ಸ್ಲೋ ಮತ್ತು ಫಾಸ್ಟ್ ಲೋಕಲ್‌ಗಳ ಹಾಗೆ ನಾವು ಮಾತಾಡುತ್ತೇವೆ. ಅವಳಿಗೆ ನನ್ನ ಫೋನಿನಲ್ಲಿದ್ದ ಕರವಂದವಾಡಿಯ ಚಿತ್ರಗಳನ್ನು ತೋರಿಸುತ್ತಿದ್ದೆ. ಬೋರ್ಡಿನ ಚಿತ್ರ ಬಂದಾಗ ಅವಳ ಬೆರಳು ನಿಂತಿತು.

"ಅಜ್ಜಾ, ಹೇ ಕೋಣೀ ಲಿಹಿಲಂ?" ಯಾರು ಬರೆದದ್ದು ಎಂದು.

"ಯಾಕೆ? ಅಕ್ಷರ ದುಂಡಗಿದೆಯಲ್ಲ?"

"ಅಕ್ಷರ ಮಸ್ತ್ ಆಹೇ. ಪಣ ಬ್ಯಾಟರೀ ಸಂಪತೇಯ್ ಆಣಿ ಲಾಯಿಟ್ ವಾಢವಾ? ಉಲ್ಟಾ ನಾ?" ಬ್ಯಾಟರಿ ಮುಗಿಯುವಾಗ ಲೈಟು ಹೆಚ್ಚಿಸುವುದೇ ಎಂದು.

"ಮಗಾ, ವಾಢವಾ ಅಂದರೆ ಆರಿಸು ಅಂತ."

ಅನ್ವಿ ನನ್ನನ್ನು ಒಂದು ಕ್ಷಣ ನೋಡಿದಳು. ತಮಾಷೆಗಲ್ಲ, ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದಳು. "ಕುಠಲ್ಯಾ ಭಾಷೇತ, ಅಜ್ಜಾ?"

ಯಾವ ಭಾಷೆಯಲ್ಲಿ?

ಹೌದು, ಯಾವ ಭಾಷೆಯಲ್ಲಿ? ಬಳೆಯ ಮಟ್ಟಿಗೆ ಮರಾಠಿಯಲ್ಲಿ, ಕಾಯಿಯ ಮಟ್ಟಿಗೆ ಮರಾಠಿಯಲ್ಲಿ. ದೀಪದ ಮಟ್ಟಿಗೆ ಕನ್ನಡದಲ್ಲಿ, ಅದೂ ಬೇರೆ ಶಬ್ದದಲ್ಲಿ. ಎರಡೂ ಸೇರಿದ ಆ ಭಾಷೆ ನೌಪಾಡಾದ ಒಂದು ಚಾಳಿನ ನಲ್ಲಿಯ ಹತ್ತಿರ ಮಾತ್ರ ಇತ್ತು. ಅದನ್ನು ಆಡುತ್ತಿದ್ದ ಇಬ್ಬರು ಹೆಂಗಸರೂ ಈಗಿಲ್ಲ. ಚಾಳೂ ಇಲ್ಲ. ಉಳಿದ ಏಕಮಾತ್ರ ಭಾಷಿಕ ನಾನು, ಆ ಭಾಷೆಯಲ್ಲಿ ಒಂದು ಊರಿಗೆ ಆಜ್ಞೆ ಬರೆದಿಟ್ಟಿದ್ದೆ. ಹಿರಾಬಾಯಿ ಅದನ್ನು ಅಕ್ಷರ ಅಕ್ಷರ ಪಾಲಿಸುತ್ತಿದ್ದರು.

"ಎಂತಾಯ್ತು ಇವರಿಗೆ? ಮುಖ ಬಿಳಿಚಿದೆ," ಎಂದು ವನಜ ನೀರು ತಂದಳು. ಹೇಳಿದೆ. ಅವಳು ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ. "ಪಾಪ, ಆ ಹೆಂಗಸು," ಎಂದಳು. "ನಿಮ್ಮ ಅತ್ತಿಗೆಗಾದರೂ ಗಾಜು ಒಂದೇ ಒಡೆದದ್ದು."

ಭಾನುವಾರ ಬೆಳಿಗ್ಗೆ ಶಾಲೆಯ ಜಗಲಿಯಲ್ಲಿ ಸಭೆ. ಒಂದು ಕಡೆ ಗಂಡಸರು, ಒಂದು ಕಡೆ ಹೆಂಗಸರು, ನಡುವೆ ಕೋಣೆಯಿಂದ ಬಿಚ್ಚಿ ತಂದು ಗೋಡೆಗೆ ಒರಗಿಸಿದ ನನ್ನ ಬೋರ್ಡು. ದೇಶಪಾಂಡೆಯವರು ಈ ಸಲವೂ ಅದಕ್ಕೆ ಬೆನ್ನು ಮಾಡಿಯೇ ಕೂತಿದ್ದರು. ಹಿರಾಬಾಯಿ ಯಾರೂ ಕೇಳುವ ಮೊದಲೇ ಕತ್ತಿನ ಕರಿದಾರ ಬಿಚ್ಚಿ ಕೀಲಿಯನ್ನು ಬೋರ್ಡಿನ ಬುಡದಲ್ಲಿ ಇಟ್ಟರು. ಉಪಸರಪಂಚನ ತಮ್ಮ ಕತ್ತು ಉದ್ದ ಮಾಡಿದ.

ನಾನು ಎ‌ದ್ದು ನಿಂತೆ. ದಾರಿಯುದ್ದಕ್ಕೂ ಒಂದು ಭಾಷಣ ಕಟ್ಟಿಕೊಂಡಿದ್ದೆ. ಅಮಂಗಳ ಪರಿಹಾರ, ಭಾಷಾ ಸಂಬಂಧ, ಇತ್ಯಾದಿ. "ನಮ್ಮ ತಾಯಿ ಒಂದು ಮಾತು ಹೇಳುತ್ತಿದ್ದಳು," ಎಂದು ಶುರುಮಾಡಿದೆ. ಚಾಳು ಬಂತು, ಸೌಟು ಬಂತು, ಲಾಟೀನು ಬಂತು. ಕಥೆಯ ಅತ್ತಿಗೆಯವರು ಬೆಂಗಳೂರಿನಿಂದ ಇನ್ನೂ ಹೊರಟಿರಲಿಲ್ಲ, ಅಷ್ಟರಲ್ಲಿ ಹಿಂದಿನಿಂದ ಒಬ್ಬ ಮುದುಕಿ ಪಕ್ಕದವಳನ್ನು ಗಟ್ಟಿಯಾಗಿ ಕೇಳಿದಳು: "ಇವನ ಆಯಿ ಲಾಯಿಟಿನ ಆಫೀಸಿನಲ್ಲಿ ಇದ್ದಳಾ?"

ಭಾಷಣ ಅಲ್ಲೇ ಹೆಚ್ಚಿತು.

"ಹಿರಾಬಾಯಿ ಸರಿಯಾಗಿ ಓದಿದ್ದಾರೆ," ಎಂದೆ. "ನಾನು ತಪ್ಪು ಬರೆದಿದ್ದೇನೆ. ಲೈಟು ಕಡಿಮೆ ಮಾಡಿ ಅನ್ನುವ ಕಡೆ ಹೆಚ್ಚು ಮಾಡಿ ಎಂದು ಬರೆದಿದ್ದೇನೆ. ಅವರಿಗೆ ಓದಲು ಬರುವುದಿಲ್ಲವೇನೋ ಎಂದವರಲ್ಲಿ ನಾನೂ ಒಬ್ಬ. ಅದು ಖೋಟಂ."

ದೇಶಪಾಂಡೆಯವರು ನಿಧಾನವಾಗಿ ತಿರುಗಿ, ಉದ್ಘಾಟನೆಯಾದ ಮೇಲೆ ಮೊದಲ ಸಲ, ಬೋರ್ಡು ಓದಿದರು. ಆಮೇಲೆ ಕನ್ನಡದಲ್ಲಿ, ಹಲ್ಲಿನ ಸಂದಿಯಿಂದ, "ರಾಯರ, ಏನ ಬರದೀರೀ ಇದು!"

"ನಮ್ಮಲ್ಲಿ ದೀಪ ದೊಡ್ಡದು ಮಾಡು ಅಂತಾರಲ್ಲ..."

"ನಮ್ಮಲ್ಲಿ ದೀಪ ಶಾಂತ ಮಾಡು ಅಂತಾರ್ರೀ. ಹಂಗಂತ ನಾ ಇಲ್ಲಿ ಬರದಿದ್ರ ಊರ ಮಂದಿ ಎಲ್ಲಾ ಪದ್ಮಾಸನ ಹಾಕ್ಕೊಂಡು ಕೂಡ್ತಿದ್ರು!"

ಗಂಡಸರ ಕಡೆ ನಗು ಹಬ್ಬಿತು. ಹಿರಾಬಾಯಿ ನಗಲಿಲ್ಲ. ಬೋರ್ಡಿನ ಹತ್ತಿರ ಬಂದು ಕೂತು, ಆ ಶಬ್ದದ ಮೇಲೆ ಬೆರಳಿಟ್ಟರು.

"ನನಗೂ ಒಂದು ಸಲ ಅನ್ನಿಸಿತ್ತು, ಕಾಕಾ. ಇದು ಉಲ್ಟಾ ಅಂತ. ಮತ್ತೆ ಅಂದುಕೊಂಡೆ, ಒಲೆ ಮಂದವಾದರೆ ನಾವು ಸೌದೆ ಹೆಚ್ಚಿಸುವುದಿಲ್ಲವಾ, ಹಾಗೇ ಇರಬೇಕು. ಬರೆದದ್ದಲ್ಲವಾ! ಬರೆದದ್ದೂ ಸುಳ್ಳಾಗುತ್ತದೆ ಎಂದು ನಮಗೆ ಕ್ಲಾಸಿನಲ್ಲಿ ಹೇಳಿಕೊಟ್ಟಿರಲಿಲ್ಲ."

ಇದಕ್ಕೆ ನಿಮ್ಮ ಹತ್ತಿರ ಉತ್ತರವಿದ್ದರೆ ಬರೆದು ತಿಳಿಸಬೇಡಿ. ಬರೆಯುವುದರ ಬಗ್ಗೆ ಸದ್ಯ ನನಗೆ ಸ್ವಲ್ಪ ಹೆದರಿಕೆಯಿದೆ.

ಆಕೆ ಕೀಲಿಯನ್ನು ತಾನೇ ಎತ್ತಿಕೊಂಡರು. ಯಾರೂ ಕೊಡಲಿಲ್ಲ, ಯಾರೂ ಬೇಡವೆನ್ನಲಿಲ್ಲ. ಉಪಸರಪಂಚನ ತಮ್ಮನ ಕತ್ತು ತನ್ನ ಸಹಜ ಅಳತೆಗೆ ಮರಳಿತು. ಆಮೇಲೆ ಆಕೆ ನನ್ನ ಚೀಲದಲ್ಲಿದ್ದ ನೀಲಿ ಬಣ್ಣದ ಡಬ್ಬಿಯನ್ನೂ ಕುಂಚವನ್ನೂ ಈಸಿಕೊಂಡರು. ತಪ್ಪು ಶಬ್ದದ ಮೇಲೆ ಒಂದು ದಪ್ಪ ಗೆರೆ ಎಳೆದರು.

"'ಬಂದ ಕರಾ' ಎಂದು ಬರೆಯಿರಿ," ಎಂದೆ.

ಹಿರಾಬಾಯಿಯ ಕುಂಚ ನಿಂತಿತು. ಆ ನಿಲ್ಲುವಿಕೆಯ ಗುರುತು ನನಗೆ ಹತ್ತಿತು.

"ಬಂದ ಬೇಡ ಕಾಕಾ. ದೀಪ ಅಲ್ಲವಾ! ನಮ್ಮಲ್ಲೂ ಹಾಗೆ ಅನ್ನುವುದಿಲ್ಲ."

"ಮತ್ತೆ ಏನು ಅನ್ನುತ್ತೀರಿ?"

"ಮಗುವನ್ನು ಏನು ಮಾಡುತ್ತೇವೆ? ಮಲಗಿಸುತ್ತೇವೆ. ಹಾಗೇ." ಹಿಂದಿನ ಮುದುಕಿ, ಪಕ್ಕದ ಹೆಂಗಸರು, ಎಲ್ಲರೂ ಹೌದು ಹೌದು ಎಂದರು. ಮರಾಠಿಯಲ್ಲಿ ಮಲಗುವುದಕ್ಕೆ ನಿಜಣೆ ಎಂಬ ಹಳೆಯ, ಮೆತ್ತನೆಯ ಮಾತೊಂದಿದೆ. ಹಿರಾಬಾಯಿ ನಾಲಿಗೆಯನ್ನು ತುಟಿಯ ಮೂಲೆಗೆ ಸಿಕ್ಕಿಸಿಕೊಂಡು, ಒಂದೊಂದೇ ಅಕ್ಷರ ನಿಲ್ಲಿಸಿದರು. ನನ್ನಷ್ಟು ದುಂಡಗಿರಲಿಲ್ಲ. ಬರೆದು ಮುಗಿಸಿ, ಕುಂಚವನ್ನು ಬೆತ್ತದ ಹಾಗೆ ಹಿಡಿದು, ನನ್ನ ಕಡೆ ತಿರುಗಿದರು.

"ಈಗ ನೀವು ಓದಿ. ಎಲ್ಲರಿಗೂ ಕೇಳುವ ಹಾಗೆ."

ಎಪ್ಪತ್ತರ ಹತ್ತಿರದಲ್ಲಿ ನಾನು ಮತ್ತೆ ಶಾಲೆಯ ಜಗಲಿಯಲ್ಲಿ ಎದ್ದು ನಿಂತು ಓದಿದೆ. "ಲಾಲ ದಿವಾ ಲಾಗಲಾ ಕೀ ಲಾಯಿಟ್..." ಮುಂದಿನ ಶಬ್ದ ನೋಡಿ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡೆ. ಅದರೊಳಗಿನ ಕನ್ನಡ ಒರೆಸಿದರೆ ಹೋಗುವಂಥದ್ದಲ್ಲ. ಅಲ್ಲಿ ಬರೆದಿತ್ತು: 'ನಿಜವಾ.'

"ನಿಜವಾ?" ಎಂದು ಓದಿದೆ. ದನಿ ತಾನಾಗಿಯೇ ಕೊನೆಯಲ್ಲಿ ಮೇಲೆದ್ದಿತು.

"ಏನು ಕೇಳುತ್ತಿದ್ದೀರಿ, ಕಾಕಾ?"

"ನಿಜ," ಎಂದೆ ಕನ್ನಡದಲ್ಲೇ. "ನಿಜ ಕಣಮ್ಮ."

ಹಿರಾಬಾಯಿಗೆ ಅರ್ಥವಾಗಲಿಲ್ಲ. ಅವರು ದೇಶಪಾಂಡೆಯವರ ಮುಖ ನೋಡಿದರು. ದೇಶಪಾಂಡೆಯವರು ಬೋರ್ಡನ್ನು ನೋಡಿದರು, ನನ್ನನ್ನು ನೋಡಿದರು, ಗಂಟಲು ಸರಿಮಾಡಿಕೊಂಡು ಅನುವಾದಿಸಿದರು: "ಖರಂ ಆಹೇ ಮ್ಹಣತಾಯತ." ಇದು ಸತ್ಯ ಅಂತಿದ್ದಾರೆ.

"ಅದು ನನಗೆ ಗೊತ್ತು," ಎಂದರು ಹಿರಾಬಾಯಿ, ಕರಿದಾರದ ಗಂಟು ಕತ್ತಿನ ಹಿಂದೆ ಬಿಗಿದುಕೊಳ್ಳುತ್ತ. "ಸರಿಯಾಗಿ ಓದಲಿಲ್ಲ. ಇನ್ನೊಂದು ಸಲ ಓದಿ."

ಬೆರಳಿಟ್ಟು ಓದಿದೆ.